ಕೆಂಪು ನೂಲಿನ ಚಾದರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗಕ್ಕೆ ಎರಡು ಕೋಣೆ, ನಡುವೆ ಒಂದು ಗೋಡೆ. ಆಚೆಗೆ ಕೊಳೆ ಕಡೆ ಅಂತ ಹೆಸರು, ಈಚೆಗೆ ಚೊಕ್ಕ ಕಡೆ. ಸೋಂಕು ತಗಲೀತು ಎಂದು ಕೊಳೆ ಕಡೆಯವರು ಚೊಕ್ಕ ಕಡೆಗೆ ಕಾಲಿಡುವಂತಿರಲಿಲ್ಲ. ಚೊಕ್ಕ ಕಡೆಯವರು ಆಚೆ ಹೋಗಬಾರದು ಅಂತ ಯಾರೂ ಹೇಳಿರಲಿಲ್ಲ, ಆದರೆ ಯಾರಿಗೂ ಹೋಗುವ ಆಸೆ ಹುಟ್ಟಿರಲಿಲ್ಲ. ಗೋಡೆಯೊಳಗೆ ಹುದುಗಿದ್ದ ದೊಡ್ಡ ಯಂತ್ರಗಳು ಆ ಕಡೆಯಿಂದ ಬಟ್ಟೆ ನುಂಗಿ ಈ ಕಡೆ ಉಗುಳುತ್ತಿದ್ದವು. ಉಗುಳಿದ್ದನ್ನು ಒಣಗಿಸಿ, ಬಿಸಿ ಉರುಳೆಗೆ ಕೊಟ್ಟು ಇಸ್ತ್ರಿ ಮಾಡಿ, ಉದ್ದನೆಯ ಮೇಜಿನ ಮುಂದೆ ಇಬ್ಬಿಬ್ಬರು ನಿಂತು ಮಡಿಸಬೇಕು. ಆ ಮೇಜಿನಲ್ಲಿ ಗಡಿಯಾರದ ಕೆಳಗಿನ ಜಾಗ ಆಮೆನಕ್ಕನದು.

ಆಮೆನಕ್ಕ ಅನ್ನುವುದು ಅವಳ ಹೆಸರಲ್ಲ. ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು, ಆಗ ಅವಳೇ ಒಂದು ಕ್ಷಣ ತಿರುಗಿ ನೋಡುತ್ತಿದ್ದಳು, ಯಾರನ್ನು ಕರೆದರು ಅಂತ. ಒಂದು ಚಾದರಕ್ಕೆ ನಾಲ್ಕು ಮಡಿಕೆ. ಒಂದೊಂದು ಮಡಿಕೆಗೆ ಅವಳು ಒಂದೊಂದು ಮಾತು ಪ್ರಾರ್ಥನೆ ಮಾಡುತ್ತಿದ್ದಳು, ಬಾಯೊಳಗೇ. ನಾಲ್ಕನೆಯದು ಮುಗಿದಾಗ ಮಾತ್ರ ಗಟ್ಟಿಯಾಗಿ ‘ಆಮೆನ್’. ಆಗ ಎದುರಿಗೆ ನಿಂತವಳು ತನ್ನ ಕೈಯ ಮೂಲೆ ಬಿಡಬೇಕು.

ಎದುರಿಗೆ ನಿಲ್ಲುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗಡಿಬಿಡಿ ಅಂತ. ಗಡಿಬಿಡಿಯ ದೇವರು ಬೇರೆ, ಹಾಡು ಬೇರೆ, ಆದರೆ ಮೂಲೆ ಬಿಡಲು ಆಮೆನ್ ಬೇಕೇ ಬೇಕು. ಇಷ್ಟು ವರ್ಷದಲ್ಲಿ ಅದು ಕೈಗೆ ಹತ್ತಿಹೋಗಿತ್ತು. ಒಮ್ಮೆ ಮನೆಯಲ್ಲಿ ಗಂಡನ ಜೊತೆ ಹೊದಿಕೆ ಮಡಿಸುವಾಗಲೂ ಬಾಯಿಂದ ಆಮೆನ್ ಬಂದುಬಿಟ್ಟು, ಅವಳ ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಮದುವೆಯಾದ ಮೇಲೆ ಅಷ್ಟು ನೆಮ್ಮದಿಯ ವಾರ ಇನ್ನೊಂದಿಲ್ಲ ಅಂತ ಗಡಿಬಿಡಿ ಹೇಳುತ್ತಿದ್ದಳು.

ಆಮೆನಕ್ಕ ಹುಟ್ಟಿನಿಂದಲೇ ಭಕ್ತೆಯೇನಲ್ಲ. ಚಿಕ್ಕವಳಿದ್ದಾಗ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಪ್ರಸಂಗದ ಹೊತ್ತಿನಲ್ಲಿ ಮುಂದಿನವರ ಜಡೆಗಳನ್ನು ನೋಡುತ್ತಾ ಬೆಳೆದವಳು. ನರ್ಸ್ ಆಗಬೇಕು, ಬಿಳಿ ಬಟ್ಟೆ ಹಾಕಿಕೊಂಡು ದೇವರ ಸೇವೆ ಮಾಡಬೇಕು ಎಂಬ ಆಸೆಯಿತ್ತು. ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಮುಂದಿನ ವರ್ಷ ಮತ್ತೆ ಬರೆದರಾಯಿತು, ಅಲ್ಲಿವರೆಗೆ ಕೈ ಖಾಲಿ ಯಾಕೆ ಅಂತ ಅದೇ ಆಸ್ಪತ್ರೆಯ ಲಾಂಡ್ರಿಗೆ ಸೇರಿದಳು. ಆ ಮುಂದಿನ ವರ್ಷ ಮದುವೆಯಾಯಿತು. ಅದರ ಮುಂದಿನ ವರ್ಷ ಮಗ ಹುಟ್ಟಿದ. ಬಿಳಿ ಬಟ್ಟೆಯ ಆಸೆ ಒಂದು ರೀತಿಯಲ್ಲಿ ಈಡೇರಿತು, ಮೇಜಿನ ಮೇಲೆ ರಾಶಿ ರಾಶಿ ಇರುತ್ತಿತ್ತು.

ಆ ಕೆಲಸವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅಡುಗೆ ಮಾಡಿದರೆ ಯಾರಾದರೂ ಉಣ್ಣುತ್ತಾರೆ, ಗೋಡೆ ಕಟ್ಟಿದರೆ ನಿಲ್ಲುತ್ತದೆ. ಇವತ್ತು ಮಡಿಸಿದ ಚಾದರ ನಾಳಿದ್ದು ಮುದ್ದೆಯಾಗಿ ವಾಪಸು ಬರುತ್ತದೆ. ತೂತು ಕೊಡಕ್ಕೆ ನೀರು ತುಂಬುವವರಾದರೂ ದಾರಿಯಲ್ಲಿ ನಾಲ್ಕು ಜನರ ಮುಖ ನೋಡುತ್ತಾರೆ. ಸಿಟ್ಟಿನಲ್ಲಿ ಅಡ್ಡಾದಿಡ್ಡಿ ಮಡಿಸಿ ಎಸೆಯುತ್ತಿದ್ದಳು.

ಮಗನಿಗೆ ಎರಡು ವರ್ಷವಿದ್ದಾಗ ಜ್ವರ ನೆತ್ತಿಗೇರಿ ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಲಗಿಸಬೇಕಾಯಿತು. ಬೆಳಿಗ್ಗೆ ಮೈ ಒರೆಸಲು ಮಗುಚಿದಾಗ ಅವನ ಬೆನ್ನಿನ ಮೇಲೆ, ಭುಜದಿಂದ ಸೊಂಟದವರೆಗೆ, ಒಂದು ಕೆಂಪು ಗೆರೆ. ಹೊಡೆದ ಗುರುತಲ್ಲ, ಹುಳು ಕಡಿದದ್ದಲ್ಲ. ಕೆಳಗಿನ ಚಾದರದಲ್ಲಿ ಅಡ್ಡಕ್ಕೆ ಸುಕ್ಕು ಕೂತಿತ್ತು, ಉರುಳೆಯ ಬಿಸಿಗೆ ಗಟ್ಟಿಯಾದ ಸುಕ್ಕು. ಅಷ್ಟು ಕೆಟ್ಟದಾಗಿ ಮಡಿಸುವವರು ಆ ಮೇಜಿನಲ್ಲಿ ಒಬ್ಬರೇ ಇದ್ದರು. ಆಮೆನಕ್ಕ ಮಗನನ್ನು ಎತ್ತಿಕೊಂಡು, ಚಾದರ ಕಿತ್ತು, ನೇರ ಮಾಡಿ ಮತ್ತೆ ಹಾಸಿದಳು. ಜ್ವರ ಇಳಿಯಿತು, ಗೆರೆಯೂ ಹೋಯಿತು. ಆದರೆ ಪ್ರತಿ ಚಾದರದ ಮೇಲೂ ಒಂದು ಬೆನ್ನು ಇರುತ್ತದೆ ಎಂಬುದು ಅವಳ ತಲೆಯಿಂದ ಹೋಗಲಿಲ್ಲ. ಕೆಲಸಕ್ಕೆ ಮರಳಿದ ದಿನವೇ ನಾಲ್ಕು ಮಾತು ಶುರುವಾಯಿತು. ನರ್ಸ್ ಆಗಲಿಲ್ಲ ಎಂಬ ಕೊರಗು ಯಾವಾಗ ಬಿಟ್ಟುಹೋಯಿತು ಅನ್ನುವುದು ಅವಳಿಗೂ ನೆನಪಿಲ್ಲ.

ಪ್ರಾರ್ಥನೆ ನೂಲಿನ ಮೇಲೆ ಹೋಗುತ್ತಿತ್ತು. ಚಾದರದ ಮೂಲೆಯಲ್ಲಿ ಬಣ್ಣದ ನೂಲಿನ ಹೊಲಿಗೆ ಇರುತ್ತದೆ, ಯಾವುದು ಎಲ್ಲಿಗೆ ಅಂತ ಗುರುತಿಗೆ. ಹಸಿರು ಮಕ್ಕಳ ವಾರ್ಡಿಗೆ, ಕೆಂಪು ಹೆರಿಗೆ ವಾರ್ಡಿಗೆ, ನೀಲಿ ಗಂಡಸರ ಸರ್ಜರಿ ವಾರ್ಡಿಗೆ. ಕೆಂಪು ಬಂದರೆ: ‘ಸ್ವಾಮಿ, ನೋವು ಹೊತ್ತಿಗೆ ಸರಿಯಾಗಿ ಬರಲಿ. ಬಂದದ್ದು ಬೇಗ ಮುಗಿಯಲಿ. ಕೂಸು ಗಟ್ಟಿಯಾಗಿ ಅಳಲಿ. ತಾಯಿಗೆ ಹಾಲು ಬರಲಿ. ಆಮೆನ್.’ ನೀಲಿ ಬಂದರೆ: ‘ಹೆದರಿಕೆ ಹೋಗಲಿ. ಹೊಲಿಗೆ ಒಣಗಲಿ. ಸಿಗರೇಟು ಬಿಟ್ಟುಹೋಗಲಿ. ಹೆಂಡತಿಯ ಮಾತು ಕೇಳಲಿ. ಆಮೆನ್.’ ನಾಲ್ಕನೆಯ ಮಾತು ಗಡಿಬಿಡಿಯ ಸಲಹೆ.

ಹೀಗೆ ಮಗ ದೊಡ್ಡವನಾದ, ಟೈರಿನ ಅಂಗಡಿ ಸೇರಿದ, ಮದುವೆಯಾದ. ಸೊಸೆ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಚುರುಕು ನಾಲಿಗೆಯ ಹುಡುಗಿ, ಗಿರಾಕಿಯ ಮುಖ ನೋಡುವ ಮೊದಲು ಕಾಲು ನೋಡುವವಳು. ಅವಳು ಬಸುರಿಯಾದಾಗ ಹೆರಿಗೆ ಇಲ್ಲೇ ಅಂತ ತೀರ್ಮಾನವಾಯಿತು. ಆಮೆನಕ್ಕ ಅಂದಿನಿಂದ ಕೆಂಪು ನೂಲಿನ ಚಾದರಗಳ ವಿಷಯದಲ್ಲಿ ಸ್ವಲ್ಪ ಪಕ್ಷಪಾತ ಮಾಡತೊಡಗಿದಳು. ಇವುಗಳಲ್ಲಿ ಒಂದರ ಮೇಲೆ ನಮ್ಮ ಹುಡುಗಿ ಮಲಗುತ್ತಾಳೆ. ಯಾವುದು ಅಂತ ಗೊತ್ತಿಲ್ಲವಾದ್ದರಿಂದ ಎಲ್ಲದರ ಮೇಲೂ ಇನ್ನೊಮ್ಮೆ ಅಂಗೈ ಎಳೆಯುತ್ತಿದ್ದಳು.

ಸೊಸೆಗೆ ದಿನ ಹತ್ತಿರ ಬಂದಾಗ, ಮಡಿಸಿದ ಬಟ್ಟೆಯನ್ನು ಮೇಲಕ್ಕೆ ಒಯ್ಯುತ್ತಿದ್ದ ಟ್ರಾಲಿಯಣ್ಣನಿಗೆ ಹಲ್ಲುನೋವು ಬಂತು. ದವಡೆಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಹೋದ.

“ಕೆಂಪಿನ ಗಾಡಿ ನಾನೇ ತಗೊಂಡು ಹೋಗ್ತೀನಿ,” ಅಂದಳು ಆಮೆನಕ್ಕ. “ವಾರ್ಡು ಹೇಗಿದೆ ಅಂತ ಒಂದು ಸಲ ನೋಡಿದ ಹಾಗೂ ಆಯ್ತು.”

ಲಿಫ್ಟಿನಲ್ಲಿ ಒಂದನೇ ಮಹಡಿ. ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು ಗಾಡಿಯನ್ನು ಒಳಗೆ ಎಳೆದಳು. ಬಾಣಂತಿಯರಿಗೆ ಹೇಳಲು ಬಾಯಲ್ಲಿ ಒಂದು ಒಳ್ಳೆಯ ಮಾತು ಸಿದ್ಧವಿತ್ತು. ತಿರುಗಿ ನೋಡಿದರೆ ಎರಡೂ ಸಾಲಿನ ಮಂಚಗಳ ಮೇಲೆ ಮೀಸೆಗಳು.

“ಯಾರು ಬೇಕಮ್ಮ?” ಅಂದ ಬಾಗಿಲ ಬಳಿಯ ಬೋಳು ತಲೆಯವನು.

“ಬಾಣಂತಿಯರು.”

ಅವನು ಎರಡೂ ಸಾಲಿನ ಮೇಲೆ ಕಣ್ಣಾಡಿಸಿದ. “ಇಲ್ಲಿ ಯಾರೂ ಹೆತ್ತಿಲ್ಲಮ್ಮ. ಆ ಮೂಲೆಯವರಿಗೆ ಕಿಡ್ನಿಯಿಂದ ಕಲ್ಲು ತೆಗೆದಿದ್ದಾರೆ. ಡಬ್ಬಿಯಲ್ಲಿಟ್ಕೊಂಡು ಎಲ್ಲರಿಗೂ ತೋರಿಸ್ತಿದ್ದಾರೆ. ಬೇಕಾದ್ರೆ ನೋಡಿ.”

ಮೂಲೆಯವರು ಆಗಲೇ ಡಬ್ಬಿ ಎತ್ತಿ ಹಿಡಿದಿದ್ದರು. ಆಮೆನಕ್ಕ ಹೋಗಿ ನೋಡಿದಳು. “ಚೆನ್ನಾಗಿದೆ,” ಅಂದಳು.

ವಿಷಯ ಹೇಳಿದ್ದು ಅಲ್ಲಿನ ನರ್ಸು. ಎರಡು ವರ್ಷದ ಹಿಂದೆ ಕಟ್ಟಡ ದುರಸ್ತಿಯಾದಾಗ ಹೆರಿಗೆ ವಾರ್ಡನ್ನು ಮೂರನೇ ಮಹಡಿಗೆ ಕಳಿಸಿ, ಗಂಡಸರ ಸರ್ಜರಿಯನ್ನು ಒಂದಕ್ಕೆ ಇಳಿಸಿದ್ದರು. ರೋಗಿಗಳು ಹೋದರು, ಮಂಚಗಳು ಹೋದವು. ಬಟ್ಟೆಯ ಕಪಾಟುಗಳು ಗೋಡೆಗೆ ಕಟ್ಟಿದಂಥವು, ಅವು ಎಲ್ಲಿಗೂ ಹೋಗಲಿಲ್ಲ. ಒಳಗಿನ ಚಾದರಗಳೂ ಹೋಗಲಿಲ್ಲ. ಕೆಂಪು ಈಗ ಒಂದನೇ ಮಹಡಿ, ನೀಲಿ ಮೂರನೇ ಮಹಡಿ. ಅಷ್ಟೇ.

ಟ್ರಾಲಿಯಣ್ಣ ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಕೇಳಿದರೆ, “ನೀವು ಕೇಳಲಿಲ್ಲ, ನಾನು ಹೇಳಲಿಲ್ಲ,” ಅಂದ. “ನಾನು ಬಣ್ಣ ನೋಡ್ತೀನಿ, ಗುಂಡಿ ಒತ್ತುತ್ತೀನಿ.” ಕೊಳೆ ಕಡೆಯವರಿಗೂ ಅನುಮಾನ ಬಂದಿತ್ತಂತೆ. ಕೆಂಪು ಚಾದರಗಳು ನೋವಿನ ಎಣ್ಣೆ ನಾರುತ್ತಿದ್ದವು. ಈ ಕಾಲದ ಬಾಣಂತಿಯರಿಗೆ ಬೆನ್ನು ನೋವು ಜಾಸ್ತಿ ಅಂದುಕೊಂಡು ಸುಮ್ಮನಾಗಿದ್ದರು.

ಅಂದರೆ ಎರಡು ವರ್ಷದಿಂದ ಆಮೆನಕ್ಕ ಹರ್ನಿಯಾ ಆಪರೇಷನ್ ಆದ ಗಂಡಸರಿಗೆ ಹಾಲು ಬರಲಿ ಅಂತ ಬೇಡುತ್ತಿದ್ದಳು. ಮೂರನೇ ಮಹಡಿಯಲ್ಲಿ ನೋವು ತಿನ್ನುತ್ತಿದ್ದ ಹೆಂಗಸರು ಸಿಗರೇಟು ಬಿಡಲಿ ಅಂತ ಬೇಡುತ್ತಿದ್ದಳು.

“ಹೋಗ್ಲಿ ಬಿಡಿ ಅಕ್ಕ,” ಅಂದಳು ಗಡಿಬಿಡಿ. “ಆ ಗಂಡಸರಲ್ಲಿ ಒಬ್ಬನಿಗಾದ್ರೂ ಹಾಲು ಬಂದಿದ್ರೆ ಪೇಪರಲ್ಲಿ ಬರ್ತಿತ್ತು. ಏನೂ ಆಗಿಲ್ವಲ್ಲ.”

“ನಾನೂ ಅದನ್ನೇ ಹೇಳ್ತಿರೋದು. ಏನೂ ಆಗಿಲ್ಲ. ಇಷ್ಟು ದಿನ ನಾನು ಹೇಳಿದ್ದರಿಂದ ಯಾರಿಗೂ ಏನೂ ಆಗಿಲ್ಲ.”

ಸಮಾಧಾನ ಹೇಳಲು ಹೋಗಿ ಬೆಂಕಿಗೆ ತುಪ್ಪ ಸುರಿದೆ ಅಂತ ಗಡಿಬಿಡಿಗೆ ಗೊತ್ತಾಯಿತು, ಆದರೆ ಎಲ್ಲಿ ಸುರಿದೆ ಅಂತ ಗೊತ್ತಾಗಲಿಲ್ಲ.

ಆಮೆನಕ್ಕ ಪ್ರಾರ್ಥನೆ ನಿಲ್ಲಿಸಿದಳು. ಮುನಿಸಿನಿಂದಲ್ಲ. ಬಾಯಿ ತೆರೆದರೆ ಮೀಸೆಗಳು ಕಾಣುತ್ತಿದ್ದವು. ಮೊದಲ ದಿನ ಗಡಿಬಿಡಿ ಆಮೆನ್‌ಗೆ ಕಾದು ಕಾದು ಮೂಲೆ ಬಿಡಲೇ ಇಲ್ಲ. ಇವಳು ಎಳೆದಳು, ಅವಳು ಹಿಡಿದಳು, ಚಾದರ ಹರಿಯಿತು.

“ಏನಿದು, ಹಗ್ಗಜಗ್ಗಾಟನಾ?” ಅಂದರು ಮೇಲ್ವಿಚಾರಕರು.

“ಅಕ್ಕ, ನಾಲ್ಕು ಮಾತು ಬೇಡ, ಬರೀ ಆಮೆನ್ ಅನ್ನಿ,” ಅಂದಳು ಗಡಿಬಿಡಿ.

“ಒಳಗೆ ಏನೂ ಇಲ್ಲದೆ ಗಂಟು ಹೇಗೆ ಕಟ್ಟಲಿ?”

ಕೊನೆಗೆ ‘ಹೂಂ’ ಅನ್ನುವುದು ಅಂತ ಒಪ್ಪಂದವಾಯಿತು. ಕೆಲಸ ನಡೆಯಿತು. ಮೊದಲಿಗಿಂತ ಬೇಗವೇ ನಡೆಯಿತು. ಹಳೆಯ ಬೇಸರ ಮಾತ್ರ ಹಳೆಯ ನೆಂಟನ ಹಾಗೆ ಹೇಳದೆ ಕೇಳದೆ ಬಂದು ಮೇಜಿನ ತುದಿಯಲ್ಲಿ ಕೂತಿತು. ಇವತ್ತು ಮಡಿಸಿದ್ದು ನಾಳಿದ್ದು ವಾಪಸು. ಎಲ್ಲಕ್ಕಿಂತ ಕಷ್ಟವಾದದ್ದು ಮನೆಯಲ್ಲಿ. ಸೊಸೆ ಕಾಲು ಊದಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರೆ ನೀರು ಕೊಡುತ್ತಿದ್ದಳು, ಕಾಲು ಒತ್ತುತ್ತಿದ್ದಳು. ಅವಳಿಗಾಗಿ ಪ್ರಾರ್ಥನೆ ಮಾಡಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಇನ್ನೇನು ಆ ಹುಡುಗಿ ಹೆರುವ ಮಂಚ ಹತ್ತುತ್ತಾಳೆ, ಆ ಹೊತ್ತಿಗೆ ನನ್ನ ಕೈಯಲ್ಲಿ ಏನೂ ಇಲ್ಲದಿದ್ದರೆ ಏನು ಗತಿ? ಇದೊಂದು ಭಯ ಅವಳಿಗೆ ಊಟ ಸೇರದಂತೆ ಮಾಡಿತು.

ಗಂಡ ಬಸ್ಸಿನ ಡ್ರೈವರ್. ಎಲ್ಲ ಕೇಳಿ, “ಬಸ್ಸಿಗೆ ತಪ್ಪು ಬೋರ್ಡ್ ಹಾಕ್ಕೊಂಡು ಹೋದ್ರೂ ಜನ ಎಲ್ಲೋ ಒಂದು ಕಡೆ ಇಳೀತಾರೆ ಕಣೆ,” ಅಂದರು.

“ಇಳಿದ ಮೇಲೆ?”

“ಬೈತಾರೆ.”

ಭಾನುವಾರ ಆರಾಧನೆ ಮುಗಿದು, ಪಾಸ್ಟರ್ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಅವಳು ಹೋಗಿ ನಿಂತಳು. ಪಾಸ್ಟರ್ ಚಿಕ್ಕ ವಯಸ್ಸಿನವರು, ಹೊಸದಾಗಿ ಬಂದವರು. ನಗದೆ ಕೇಳಿಸಿಕೊಂಡರು. ಅದಕ್ಕೆ ಅವರು ಪಟ್ಟ ಕಷ್ಟ ಕಾಣುತ್ತಿತ್ತು.

“ದೇವರಿಗೆ ಮಹಡಿ ತಪ್ಪೋದಿಲ್ಲ ಅಕ್ಕ.”

“ಅದು ನನಗೂ ಗೊತ್ತು ಪಾಸ್ಟರ್. ತಪ್ಪೋದಿಲ್ಲ ಅಂದ್ರೆ ನಾನು ಹೇಳೋ ಅಗತ್ಯ ಏನಿತ್ತು? ಅಗತ್ಯ ಇತ್ತು ಅಂದ್ರೆ ನಾನು ತಪ್ಪು ಹೇಳಿದ್ದು ಹೇಗೆ ಸರಿಹೋಗುತ್ತೆ?”

ಪಾಸ್ಟರ್ ಕೈಯಲ್ಲಿದ್ದ ಕುರ್ಚಿಯನ್ನು ಪೇರಿಸಿ ಇನ್ನೊಂದನ್ನು ಎತ್ತಿಕೊಂಡರು. “ಮುಂದಿನ ವಾರ ಹೇಳ್ತೀನಿ,” ಅಂದರು. ಮುಂದಿನ ವಾರ ಅವರು ಮಕ್ಕಳಿಗೆ ಶಿಸ್ತು ಕಲಿಸುವುದರ ಬಗ್ಗೆ ಪ್ರಸಂಗ ಮಾಡಿದರು. ಆಮೆನಕ್ಕ ತಪ್ಪು ತಿಳಿಯಲಿಲ್ಲ. ಅವಳೂ ಒಂದೆರಡು ಕುರ್ಚಿ ಪೇರಿಸಿಕೊಟ್ಟು ಮನೆಗೆ ಬಂದಳು.

ಸೊಸೆಗೆ ನೋವು ಬಂದದ್ದು ಒಂದು ಬೆಳಿಗ್ಗೆ, ಎಲ್ಲರೂ ಚಹಾ ಕುಡಿಯುತ್ತಿದ್ದಾಗ. ಅವಳು ಲೋಟ ತೊಳೆದಿಟ್ಟು, ಜಡೆ ಬಿಗಿಯಾಗಿ ಹೆಣೆದುಕೊಂಡು, “ಹೋಗೋಣ್ವಾ ಅತ್ತೆ?” ಅಂದಳು, ಅಂಗಡಿಗೆ ಹೊರಟ ಹಾಗೆ. ಮೂರನೇ ಮಹಡಿಯ ವಾರ್ಡಿನಲ್ಲಿ ಗೋಡೆಗೆ ತಿಳಿ ಹಳದಿ ಬಣ್ಣ, ಕಿಟಕಿಯಲ್ಲಿ ಯಾರದೋ ಬಾಚಣಿಗೆ, ಕಿರುಗುಟ್ಟುವ ಫ್ಯಾನು. ವಾರ್ಡಿನ ಆಯಾ, ಅಗಲ ಭುಜದ ಹೆಂಗಸು, ಒಂದು ಚಾದರ ಎಳೆದು ಒಂದೇ ಸಲ ಫಟ್ಟನೆ ಕೊಡವಿ ಹಾಸಿದಳು. ನಾಲ್ಕು ಮಡಿಕೆಯೂ ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಹೋದವು. ಮೂಲೆಯಲ್ಲಿ ನೀಲಿ ನೂಲು. ಆಮೆನಕ್ಕ ಅದನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು.

ನೋವು ಬಂದು ಹೋಗುತ್ತಿತ್ತು. ಒಂದು ಬಿಡುವಿನಲ್ಲಿ ಸೊಸೆ ಕೇಳಿದಳು: “ಯಾಕತ್ತೆ ಸುಮ್ಮನಿದ್ದೀರಿ? ಮನೇಲಿ ಹಾಲು ಉಕ್ಕಿದ್ರೂ ಪ್ರಾರ್ಥನೆ ಮಾಡೋರು ನೀವು.”

“ಮಾಡ್ತೀನಿ, ಮಾಡ್ತೀನಿ. ಬಿಸಿನೀರು ತರ್ತೀನಿ ಇರು.”

ಬಿಸಿನೀರಿನ ಫ್ಲಾಸ್ಕ್ ತುಂಬಿಸಿಕೊಂಡು ಬರುವಾಗ ಬಾಗಿಲ ಬಳಿಯ ಮಂಚದಿಂದ ಒಂದು ಕೈ ಚಾಚಿ ಅವಳ ಮಣಿಕಟ್ಟು ಹಿಡಿಯಿತು. ಆ ಮಂಚದಲ್ಲಿ ಒಬ್ಬಳೇ ಹುಡುಗಿ. ಅವಳ ತಾಯಿ ರೈಲಿನಲ್ಲಿ ಬರುತ್ತಿದ್ದರು, ಗಂಡ ಔಷಧಿಯ ಸಾಲಿನಲ್ಲಿ ನಿಂತಿದ್ದ.

“ಅಮ್ಮ, ಕತ್ತಿನಲ್ಲಿ ಶಿಲುಬೆ ಇದೆಯಲ್ಲ, ನೀವು ಪ್ರಾರ್ಥನೆ ಮಾಡೋರಾ?”

“ಮಾಡ್ತಿದ್ದೆ. ಈಗ ಬಿಟ್ಟಿದ್ದೀನಿ.”

ಹುಡುಗಿ ಹಲ್ಲು ಕಚ್ಚಿ ಒಂದು ನೋವು ದಾಟಿಸಿದಳು. ಆಮೇಲೆ ಉಸಿರು ಸಿಕ್ಕಾಗ, “ನಂಗೊಂದು ಸಲ ಮಾಡಿ. ಆಮೇಲೆ ಬೇಕಾದ್ರೆ ಮತ್ತೆ ಬಿಡಿ,” ಅಂದಳು.

ಆಮೆನಕ್ಕ ಅವಳ ಮುಖ ನೋಡಿದಳು. ಕಚ್ಚಿ ಕಚ್ಚಿ ಊದಿದ ತುಟಿ. ಉಗುರಿನ ಬಣ್ಣ ಅರ್ಧ ಕೆರೆದುಹೋಗಿತ್ತು, ಮಣಿಕಟ್ಟಿನಲ್ಲಿ ತಲೆಗೂದಲಿನ ರಬ್ಬರು. ಇಷ್ಟು ವರ್ಷದಲ್ಲಿ ಅವಳು ಬಣ್ಣಕ್ಕೆ ಪ್ರಾರ್ಥನೆ ಮಾಡಿದ್ದಳು, ಮುಖಕ್ಕಲ್ಲ. ನಾಲ್ಕು ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಸ್ವಾಮಿ, ಈ ಹುಡುಗಿಗೆ ಹೆದರಿಕೆ ಆಗ್ತಿದೆ,” ಅಂದಳು. “ಇವಳ ಅಮ್ಮ ದಾರಿಯಲ್ಲಿದ್ದಾರೆ. ಅವರು ಬರೋ ತನಕ ನಾನಿದ್ದೀನಿ. ನೀನೂ ಇರು.”

ಆಮೆನ್ ಅನ್ನಲು ಪುರುಸೊತ್ತಾಗಲಿಲ್ಲ. ಅಂದಿದ್ದರೂ ಆ ಹುಡುಗಿ ಕೈ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಗಾಲಿಯ ಸದ್ದು. ನರ್ಸು ಸೊಸೆಯನ್ನು ತಳ್ಳಿಕೊಂಡು ಹೆರಿಗೆ ಕೋಣೆಯ ಕಡೆ ಹೋಗುತ್ತಿದ್ದರು. ಸೊಸೆ ತಲೆ ಎತ್ತಿ ಹುಡುಕುತ್ತಿದ್ದಳು. “ಬಂದೆ,” ಅಂದಳು ಆಮೆನಕ್ಕ. ಮಣಿಕಟ್ಟು ಇಕ್ಕಳದಲ್ಲಿ ಸಿಕ್ಕ ಹಾಗೆ ಸಿಕ್ಕಿತ್ತು. ಹುಡುಗಿಗೆ ಇನ್ನೊಂದು ನೋವು ಏರುತ್ತಿತ್ತು. ಬಿಡಿಸಿಕೊಂಡು ಹೋಗಬಹುದಿತ್ತು. ಮಾತು ಕೊಟ್ಟಾಗಿತ್ತು, ಅದೂ ದೇವರ ಮುಂದೆ. ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಆಮೆನಕ್ಕ ತಪ್ಪು ಮಂಚದ ಹತ್ತಿರ ನಿಂತಿದ್ದಳು, ಈ ಸಲ ತಿಳಿದೂ ತಿಳಿದೂ. ‘ಸ್ವಾಮಿ, ಅಲ್ಲಿಗೆ ನನಗೆ ಹೋಗೋಕಾಗ್ತಿಲ್ಲ,’ ಅಂದಳು ಮನಸ್ಸಿನಲ್ಲೇ. ಆ ದಿನದ ಎರಡನೇ ಪ್ರಾರ್ಥನೆ ಅಷ್ಟೇ.

ಹುಡುಗಿಯ ತಾಯಿ ಏದುಸಿರು ಬಿಡುತ್ತಾ, ಎರಡು ಚೀಲ ಹೊತ್ತುಕೊಂಡು ಬಂದರು. ಆಮೆನಕ್ಕ ಆ ಕೈಯನ್ನು ತಾಯಿಯ ಕೈಗೆ ದಾಟಿಸಿ, ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಹೆರಿಗೆ ಕೋಣೆಯ ಬಾಗಿಲು ಮುಟ್ಟುವಾಗ ಒಳಗೆ ಕೂಸಿನ ಅಳು. ಗಟ್ಟಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಆ ಅಗಲ ಭುಜದ ಆಯಾ ಬಲಗೈ ಕೊಡವುತ್ತಾ ಹೊರಬಂದಳು.

“ನಿಮ್ಮ ಸೊಸೆನಾ? ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ನನ್ನ ಬೆರಳು ಮಾತ್ರ ಮುರಿದುಹಾಕಿದ್ಲು.”

“ನೀವು ಕೈ ಹಿಡ್ಕೊಂಡಿದ್ರಾ?”

“ಮತ್ತಿನ್ಯಾರು ಹಿಡೀತಾರೆ? ಅತ್ತೆ ಎಲ್ಲಿ, ಅತ್ತೆ ಎಲ್ಲಿ ಅಂತ ಒಂದೇ ಸಮ ಕೇಳ್ತಿದ್ಲು. ನಾನೇ ಅತ್ತೆ ಅಂದೆ. ಆಮೇಲೆ ಚೆನ್ನಾಗಿ ಬೈದ್ಲು ನಂಗೆ.”

“ಏನಂತ?”

“ಅದನ್ನೆಲ್ಲ ನೀವೇ ಕೇಳ್ಕೊಳ್ಳಿ.”

ಆಮೆನಕ್ಕ ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಒಂದೊಂದೇ ಬೆರಳು ನೀವಿದಳು. ಆಯಾ ಆಕ್ಷೇಪಿಸಲಿಲ್ಲ. ಬಾಗಿಲ ಬಳಿಯ ಹುಡುಗಿಯ ಕೈ ಇವಳ ಪಾಲಿಗೆ ಬಂದಿತ್ತು, ಇವಳ ಸೊಸೆಯ ಕೈ ಇನ್ನೊಬ್ಬಳ ಪಾಲಿಗೆ. ಯಾವುದೂ ನೆಲಕ್ಕೆ ಬಿದ್ದಿರಲಿಲ್ಲ. ಪಾಸ್ಟರಿಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತಲ್ಲ. ಪ್ರಶ್ನೆ ಇತ್ತು, ಎದೆಯ ಮೇಲಿಂದ ಇಳಿದು ಪಕ್ಕದಲ್ಲಿ ಕೂತಿತ್ತು. ಪಕ್ಕದಲ್ಲಿ ಕೂತವರ ಜೊತೆ ಬಾಳಬಹುದು.

ಮೊಮ್ಮಗಳನ್ನು ಮನೆಗೆ ತಂದು, ಬಾಣಂತಿಯ ಊಟ ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಆಮೆನಕ್ಕ ನೆಲಮಾಳಿಗೆಗೆ ಮರಳಿದಳು. ಮೊದಲ ಚಾದರ ಕೆಂಪು ನೂಲಿನದು. ಗಡಿಬಿಡಿ ‘ಹೂಂ’ಗೆ ಕಾದಳು. ಆಮೆನ್ ಬಂತು. ಅವಳು ಮೂಲೆ ಬಿಟ್ಟಳು. ಎರಡನೆಯ ಚಾದರಕ್ಕೆ ತಡೆಯಲಾಗಲಿಲ್ಲ.

“ಈಗ ಕೆಂಪಿಗೆ ಏನು ಬೇಡ್ತೀರಿ?”

“ಗೊತ್ತಿಲ್ಲ. ಸದ್ಯಕ್ಕೆ ‘ನೀನಿರು’ ಅಂದೆ, ಅಷ್ಟೇ. ಮಧ್ಯಾಹ್ನ ಹೋಗಿ ಕೇಳ್ಕೊಂಡು ಬರ್ತೀನಿ.”

ಗಡಿಬಿಡಿ ತಮಾಷೆ ಅಂದುಕೊಂಡಳು. ಮಧ್ಯಾಹ್ನ ಆಮೆನಕ್ಕ ಊಟದ ಡಬ್ಬಿ ಬೇಗ ಮುಗಿಸಿ, ಕೈ ತೊಳೆದು, ಲಿಫ್ಟ್ ಹತ್ತಿ ಒಂದನೇ ಮಹಡಿಗೆ ಹೋದಳು. ಕಿಡ್ನಿ ಕಲ್ಲಿನವರು ಡಬ್ಬಿ ಸಮೇತ ಮನೆಗೆ ಹೋಗಿದ್ದರು. ಆ ಮೂಲೆಯಲ್ಲಿ ಈಗ ಬಿಳಿ ಗಡ್ಡದ ಒಬ್ಬರು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತಳು.

“ನಾನು ಕೆಳಗೆ ಚಾದರ ಮಡಿಸೋಳು. ಮಡಿಸುವಾಗ ಪ್ರಾರ್ಥನೆ ಮಾಡ್ತೀನಿ. ನಿಮಗೆ ಏನು ಬೇಕು?”

ಅವರು ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಸ್ಪತ್ರೆಯಲ್ಲಿ ಇಂಥದ್ದನ್ನೂ ಕೇಳುತ್ತಾರೇನೋ ಅಂತ ಒಂದಿಷ್ಟು ಯೋಚನೆ ಮಾಡಿದರು.

“ನಂಗೇನೂ ಬೇಡ. ಮನೇಲಿ ಒಂದು ಬೆಕ್ಕಿದೆ. ಪಕ್ಕದ ಮನೆಯವರಿಗೆ ಹೇಳಿ ಬಂದಿದ್ದೀನಿ, ಆದ್ರೆ ಅವರಿಗೆ ಬೆಕ್ಕು ಅಂದ್ರೆ ಆಗಲ್ಲ. ಊಟ ಹಾಕಿರ್ತಾರೋ ಇಲ್ವೋ.”

“ಯಾವ ಬಣ್ಣ?”

“ಬೂದಿ. ಒಂದು ಕಿವಿ ಹರಿದಿದೆ.”

ಆಮೆನಕ್ಕ ತಲೆಯಾಡಿಸಿ, ಸ್ಟೂಲನ್ನು ಇದ್ದಲ್ಲೇ ಇಟ್ಟು, ಕೆಳಗೆ ಬಂದಳು. ಮೇಲ್ವಿಚಾರಕರು ಗಡಿಯಾರ ನೋಡುತ್ತಾ ನಿಂತಿದ್ದರು. ಅವಳು ಚಾದರದ ಎರಡು ಮೂಲೆ ಹಿಡಿದಳು, ಗಡಿಬಿಡಿ ಇನ್ನೆರಡು ಹಿಡಿದಳು. ಮೊದಲನೆಯ ಮಡಿಕೆ ಪಕ್ಕದ ಮನೆಯವರ ಮನಸ್ಸು ಕರಗಲಿ ಎಂದು, ಎರಡನೆಯದು ಬೆಕ್ಕಿಗೆ.